ಕಾಳಿನ ಖೋಲಿಯ ಕರಿ ಟ್ಯೂಬುಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಚಾತುರ್ಮಾಸದ ಆರಂಭವೋ ಕೊನೆಯೋ, ನಮ್ಮ ಚಿಕ್ಕಮ್ಮ, ಮೂಡಲಗಿಯ ಕಾಕು, ಹಿಂದಿನ ದಿನವೇ ಬಂದಿದ್ದಳೋ ಅಂದು ಬೆಳಿಗ್ಗೆ ಬಂದಿಳಿದಳೋ, ನನಗೆ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸ ಇದ್ದರೂ ಆ ವಾರ ನಾನು ಏನೂ ಬರೆದಿಲ್ಲ. ನಾಚಿಕೆಯಾದ ದಿನಗಳನ್ನು ಬರೆಯದೆ ಬಿಡುವುದು ನನ್ನ ರೂಢಿ. ಹಾಗಾಗಿ ಇಲ್ಲಿರುವುದು ನೆನಪು ಮಾತ್ರ, ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ನಮ್ಮದು ಬೆಲ್ಲದ ಬಾಗೇವಾಡಿಯ ಹತ್ತಿರದ ಹಳ್ಳಿ, ಜೈನ ಒಕ್ಕಲುತನದ ಮನೆ. ಅಣ್ಣ ಹುಕ್ಕೇರಿಯಲ್ಲಿ ಅಲ್ಯುಮಿನಿಯಂ ಕಿಟಕಿ, ಗಾಜು ಕೂರಿಸುವ ಅಂಗಡಿ ಇಟ್ಟಿದ್ದಾನೆ. ಗಾಜಿನ ಅಂಚಿಗೆ ಸಿಲಿಕಾನ್ ಅಂಟು ತುಂಬಬೇಕು, ಅದು ಉದ್ದನೆಯ ಟ್ಯೂಬಿನಲ್ಲಿ ಬರುತ್ತದೆ. ಅಂಗಡಿಗೆ ತಗಡಿನ ಮಾಳಿಗೆ. ಬೇಸಿಗೆಯಲ್ಲಿ ಅಲ್ಲಿಟ್ಟ ಟ್ಯೂಬು ಒಳಗೇ ಗಟ್ಟಿಯಾಗಿ, ಅಂಟು ಒತ್ತುವ ಗನ್ನಿಗೆ ಹಾಕಿ ಎಷ್ಟು ಒತ್ತಿದರೂ ಹೊರಗೆ ಬರುವುದಿಲ್ಲ. ತಂಪೂ ಇರಬೇಕು, ತೇವವೂ ಇರಬಾರದು. ಅಂಥ ಜಾಗ ನಮ್ಮ ಮನೆಯಲ್ಲಿ ಒಂದೇ: ಅಡುಗೆಮನೆಯ ಪಕ್ಕದ ಕಾಳಿನ ಖೋಲಿ. ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ. ಜೋಳದ ಚೀಲಗಳ ಹಿಂದೆ ಒಂದು ಖಾಲಿ ಎಣ್ಣೆ ಡಬ್ಬಿಯಲ್ಲಿ ಅಣ್ಣ ಟ್ಯೂಬುಗಳನ್ನು ಮೂತಿ ಮೇಲೆ ಮಾಡಿ ನಿಲ್ಲಿಸುತ್ತಿದ್ದ.

ಅವ್ವ ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಇಡು, ಖರೆ ಬಾಯಿ ಕೊಯ್ದ ಟ್ಯೂಬ ತಂದ ಇಡಬ್ಯಾಡ. ಅದರ ಹುಳಿ ನಾತ ನನ್ನ ಗೋದಿಗಿ ಹತ್ತತೈತಿ."

ಟ್ಯೂಬುಗಳನ್ನು ಗೋಕಾಕದಿಂದ ತರುವುದು ನನ್ನ ಪಾಲಿಗೆ ಬಂದಿತ್ತು. ನಾನು ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಸಂಜೆ ಬಸ್ಸಿಗೆ ಊರಿಗೆ ಮರಳುತ್ತೇನೆ. ಅಣ್ಣ ಫೋನ್ ಮಾಡುತ್ತಿದ್ದ: "ಕರೀದು ತಗೊಂಡ ಬಾ. ಬಸ್ಸಿನ್ಯಾಗ ಬಿಸಲ ಬೀಳೂ ಕಡೆ ಕುಂಡ್ರಬ್ಯಾಡ."

"ಅಂದ್ರ ನಾ ಸುಟ್ಟರೂ ಅಡ್ಡಿಯಿಲ್ಲ, ಟ್ಯೂಬ್ ನೆರಳಾಗ ಇರಬೇಕೇನು?"

"ನಿನಗೇನ್ ಎಕ್ಸ್‌ಪೈರಿ ಐತೇನ ತಂಗಿ?"

ಪುಸ್ತಕದ ಚೀಲದಿಂದ ಟ್ಯೂಬಿನ ಮೂತಿಗಳು ಹೊರಗೆ ಇಣುಕುತ್ತಿದ್ದವು. ಸೆರಗಿನಿಂದ ಮುಚ್ಚುತ್ತಿದ್ದೆ. ಒಮ್ಮೆ ಕಂಡಕ್ಟರ್ ಎಲ್ಲರಿಗೂ ಕೇಳುವ ಹಾಗೆ, "ಏನ್ರಿ ಮೇಡಂ, ಹುಡುಗರ ತಲ್ಯಾಗ ಪಾಠ ಅಂಟಸಾಕ ಒಯ್ದಿದ್ರೇನ?" ಎಂದ. ಹಿಂದಿನ ಸೀಟಿನಲ್ಲಿ ನನ್ನ ವಿದ್ಯಾರ್ಥಿನಿಯರು ನಕ್ಕರು. ಅದನ್ನೇ ದೊಡ್ಡ ಅವಮಾನ ಎಂದುಕೊಂಡಿದ್ದೆ.

ಆ ವರ್ಷ ಮಳೆಗಾಲದ ಚಾತುರ್ಮಾಸಕ್ಕೆ ನಮ್ಮೂರ ಬಸದಿಗೆ ಮುನಿ ಮಹಾರಾಜರು ಬಂದು ಉಳಿದಿದ್ದರು. ನಮ್ಮ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಜೋಡಿಸಿದ ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಯಾರ ಮನೆಯ ಮುಂದೆ ನಿಲ್ಲುತ್ತಾರೆಂದು ಮೊದಲೇ ತಿಳಿಯುವುದಿಲ್ಲ. ಹಲವು ಮನೆಯವರು ಮಡಿಯಲ್ಲಿ ಅಡುಗೆ ಮಾಡಿ, ಕಳಶ ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ಕೊಡುವ ತುತ್ತಿನಲ್ಲಿ ಕೂದಲೋ ಹುಳವೋ ಕಂಡರೆ ಅಂಗೈ ಬಿಡಿಸಿಬಿಡುತ್ತಾರೆ. ಮತ್ತೆ ಮರುದಿನದವರೆಗೆ ನೀರೂ ಇಲ್ಲ. ಅದಕ್ಕೆ ಅಂತರಾಯ ಎನ್ನುತ್ತೇವೆ. ಅಂತರಾಯವಾದ ಮನೆಯನ್ನು ಯಾರೂ ಬೈಯುವುದಿಲ್ಲ, ಆದರೆ ಮರೆಯುವುದೂ ಇಲ್ಲ.

ಅವ್ವ ಎಷ್ಟೋ ದಿನ ಕಳಶ ಹಿಡಿದು ನಿಂತಿದ್ದಳು. ಮಹಾರಾಜರು ನಮ್ಮ ಮನೆ ದಾಟಿ ಹೋಗುತ್ತಿದ್ದರು. ಅವಳು ಒಳಗೆ ಬಂದು ಕಳಶ ಇಳಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಅಡುಗೆಗೆ ಮೊದಲು ಕಾಳಿನ ಖೋಲಿಯನ್ನೂ ತೊಳೆಯಬೇಕೆಂದು ಅವ್ವ ಹೇಳಿದಳು. ಟ್ಯೂಬುಗಳನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಸಾಗಿಸಿದೆವು. ಡಬ್ಬಿಯನ್ನು ಅಣ್ಣ ಎತ್ತಿದ, ಬಿಡಿ ಟ್ಯೂಬುಗಳನ್ನು ನಾನು ತೋಳಿನಲ್ಲಿ ಅಪ್ಪಿಕೊಂಡು ಒಯ್ದೆ. ಅವುಗಳಲ್ಲಿ ಒಂದರ ಮೂತಿಗೆ ಸ್ಕ್ರೂ ಚುಚ್ಚಿತ್ತು. ಅರ್ಧ ಬಳಸಿದ ಟ್ಯೂಬನ್ನು ಹಾಗೆಯೇ ಮುಚ್ಚುತ್ತಾರೆ. ಸ್ಕ್ರೂ ಸುತ್ತ ಸಿಲಿಕಾನ್ ಒಣಗಿ ಎಳೆ ಎಳೆಯಾಗಿ ಇಳಿದಿತ್ತು. ಅವ್ವ ನೋಡಿದಳು.

"ಇದರ ಬಾಯಿ ಕೊಯ್ದೈತಲ್ಲೋ."

"ನಿನ್ನಿ ಸಂಜಿಕಿ ಮರತ ಇಟ್ಟೇನಿ ಅವ್ವಾ. ಈಗ ಒಯ್ಯಾಕತ್ತೇವಲ್ಲ."

ಆಮೇಲೆ ಎಲ್ಲರೂ ತಲೆಯ ಮೇಲೆ ನೀರು ಹಾಕಿಕೊಂಡು ಮಡಿ ಉಟ್ಟೆವು. ನಾನು ರೊಟ್ಟಿ ಹಿಟ್ಟು ನಾದಿದೆ. ಕಾಕು ಪಲ್ಯ ನೋಡಿಕೊಂಡಳು. ಅಂದು ಮಹಾರಾಜರು ನಮ್ಮ ಬಾಗಿಲಲ್ಲೇ ನಿಂತರು. ಅವ್ವ ಕಳಶ ಹಿಡಿದೇ ಅವರಿಗೆ ಮೂರು ಸುತ್ತು ಬಂದದ್ದು ನೆನಪಿದೆ. ಇದು ಮಾತ್ರ ತಪ್ಪು ನೆನಪಲ್ಲ ಎಂದುಕೊಳ್ಳುತ್ತೇನೆ.

ಒಳಗೆ ಕರೆತಂದು ಪಾದ ತೊಳೆದು, ಮನಸ್ಸು, ಮಾತು, ದೇಹ, ಅನ್ನ, ನೀರು ಎಲ್ಲ ಶುದ್ಧವಾಗಿದೆ ಎಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ಅಣ್ಣ ಹೇಳಿದ. ನೀರು ಕೊಟ್ಟೆವು, ಹಾಲು ಕೊಟ್ಟೆವು. ಅಣ್ಣ ರೊಟ್ಟಿ ಮುರಿದು ಪಲ್ಯ ಸೇರಿಸಿ ಅಂಗೈಯಲ್ಲಿಟ್ಟ. ಮಹಾರಾಜರು ಹೆಬ್ಬೆರಳಿನಿಂದ ತುತ್ತನ್ನು ಹೊರಳಿಸಿ ನೋಡಿದರು. ಕರಿ ಎಳೆಯೊಂದು ಕಂಡಿತು. ಅವರು ಮುಖ ಸಿಂಡರಿಸಲಿಲ್ಲ, ನಮ್ಮತ್ತ ನೋಡಲೂ ಇಲ್ಲ. ಅಂಗೈ ಬಿಡಿಸಿದರು. ತುತ್ತು ಕೆಳಗಿನ ಅಗಲ ತಟ್ಟೆಗೆ, ಪರಾತಕ್ಕೆ ಬಿತ್ತು. ಕುಳಿತುಬಿಟ್ಟರು, ಅಂದರೆ ಅಂದಿನ ಆಹಾರ ಅಲ್ಲಿಗೆ ಮುಗಿಯಿತು.

ಅವರು ಬಸದಿಗೆ ಮರಳಿದ ಮೇಲೆ ಕಾಕು ಮೊದಲು ಬಾಯಿ ತೆರೆದಳು.

"ಉದ್ದ ಐತಿ. ಹೆಂಗಸರದ ಕೂದಲ. ಹಿಟ್ಟ ನಾದಿದಾಕಿ ಯಾರ?"

ಯಾರೂ ಹೇಳಬೇಕಾಗಿರಲಿಲ್ಲ.

"ಕಾಲೇಜಿಗಿ ಹೋಗೂ ಮಂದಿ ತಲಿ ಹಾರಿಸಿಕೊಂಡ ಅಡ್ಯಾಡತಾರ. ಮನ್ಯಾಗೂ ಅದ ಚಾಳಿ."

"ಕಾಕು, ನಾ ತಲಿ ಬಿಗದ ಕಟ್ಟಿದ್ದೆ, ಸೆರಗೂ ಹೊತ್ತಿದ್ದೆ."

"ಹಂಗಾದ್ರ ಅದೇನ್ ಮಾಳಿಗಿಯಿಂದ ಉದರೇತೇನ?"

ಅವ್ವ ಪರಾತದಿಂದ ಆ ಎಳೆಯನ್ನು ಎತ್ತಿದಳು. ಎರಡು ಬೆರಳಿನ ನಡುವೆ ಹಿಡಿದು ನೋಡಿದಳು. ನಂತರ ಬಚ್ಚಲೊಲೆಯ ಕಡೆ ಹೋಗಿ ಬೆಂಕಿಗೆ ಹಾಕಿ ಬಂದಳು. "ಹೋಗಲಿ ಬಿಡ್ರಿ," ಅಂದಳು, ಬಹಳ ಮೆತ್ತಗೆ. "ಹುಡುಗಿದ ಗಮನ ತಪ್ಪೇತಿ. ಬೇಕಂತ ಮಾಡ್ಯಾಳೇನು?"

ಅವಳು ಬೈದಿದ್ದರೆ ನಾನು ಜಗಳ ಆಡುತ್ತಿದ್ದೆ. ಕ್ಷಮಿಸಿದ್ದರಿಂದ ಒಪ್ಪಿಕೊಂಡ ಹಾಗಾಯಿತು. ಅಂದು ನಾನು ಉಪವಾಸ ಇದ್ದೆ. ಅವ್ವನೂ ಇದ್ದಳು. ಬಸದಿಯ ಮುಂದೆ ಹಾಯಬೇಕಾದಾಗ ಹಿಂದಿನ ಓಣಿ ಹಿಡಿದೆ. ಒಳಗೆ ಒಬ್ಬ ವೃದ್ಧರು ನನ್ನ ಕೂದಲಿನಿಂದ ಹಸಿದು ಕುಳಿತಿದ್ದಾರೆ ಎನ್ನುವುದು ತಲೆಯಿಂದ ಹೋಗಲಿಲ್ಲ. ತರಗತಿಯಲ್ಲಿ ಪಾಠ ಮಾಡುತ್ತಲೇ ಕೈ ಜಡೆಗೆ ಹೋಗುತ್ತಿತ್ತು. ಕಾಕು ಮೂಡಲಗಿಗೆ ಹೋಗಿ ಸುಮ್ಮನಿರಲಿಲ್ಲ. ಕಲ್ಲೋಳಿಯ ಒಂದು ಮದುವೆಯಲ್ಲಿ, ನಾನು ಪರಿಚಯವೇ ಇಲ್ಲದ ಹೆಂಗಸರ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದಾಕೆ ತನ್ನ ಗೆಳತಿಗೆ, "ಮಹಾರಾಜರನ್ನ ಉಪಾಸ ಕೆಡವಿದಾಕಿ ಇಕೀನ ಏನ?" ಎಂದಳು. ನಾನು ಬಡಿಸುವವರಿಗೆ ಕೈ ಅಡ್ಡ ಹಿಡಿದು ಎದ್ದುಬಿಟ್ಟೆ.

ಕೆಲವು ತಿಂಗಳ ನಂತರ ಅಣ್ಣ ನಮ್ಮ ಬಚ್ಚಲಿನ ಕಿಟಕಿಗೆ ಗಾಜು ಹಾಕಿದ. ಮರುದಿನ ಸ್ನಾನಕ್ಕೆ ಹೋದಾಗ ಸೋಪಿನ ಮೇಲೆ ಕರಿ ಎಳೆಯೊಂದು ಬಿದ್ದಿತ್ತು. ನನ್ನದೇ ಕೂದಲು ಎಂದು ಹೆದರಿ ತಕ್ಷಣ ಎತ್ತಿದೆ, ಆಗ ಅದು ನನ್ನ ಅಭ್ಯಾಸವೇ ಆಗಿತ್ತು. ಎರಡು ತುದಿ ಹಿಡಿದಾಗ ಅದು ಎಳೆದಷ್ಟೂ ಬಂತು. ಬಿಟ್ಟರೆ ಮತ್ತೆ ಗಿಡ್ಡಾಯಿತು. ರಬ್ಬರು, ಒಣಗಿದ ಸಿಲಿಕಾನ್. ಒದ್ದೆ ಮೈಯಲ್ಲೇ ಬಹಳ ಹೊತ್ತು ಅದನ್ನು ಎಳೆಯುತ್ತ, ಬಿಡುತ್ತ ನಿಂತಿದ್ದೆ.

ಆಗ ನನಗೆ ಸಂತೋಷವಾಯಿತು. ತಪ್ಪು ಅಣ್ಣನದಿರಬಹುದು ಎಂಬ ಸಂತೋಷ. ಹಿಂದೆಯೇ ಅದಕ್ಕೂ ನಾಚಿಕೆಯಾಯಿತು. ಆ ಟ್ಯೂಬುಗಳನ್ನು ನಾನೂ ಅಪ್ಪಿಕೊಂಡು ಹೋಗಿದ್ದೆನಲ್ಲ. ಎಳೆ ಅವನ ಉಗುರಿನಲ್ಲಿ ಉಳಿದಿತ್ತೋ, ನನ್ನ ಮೊಣಕೈಗೆ ಅಂಟಿತ್ತೋ, ಸ್ನಾನದಲ್ಲೂ ಹೋಗದೆ ಹಿಟ್ಟಿಗೆ ಬಿತ್ತೋ, ಯಾರಿಗೆ ಗೊತ್ತು? ಮಹಾರಾಜರಿಗಂತೂ ಕೂದಲಾದರೂ ರಬ್ಬರಾದರೂ ಒಂದೇ, ಅವರು ಉಪವಾಸವೇ ಉಳಿದರು.

ಆದರೆ ಅಂದಿನಿಂದ ಒಂದು ಚಿತ್ರ ಕಣ್ಣಿಗೆ ಕಟ್ಟಿದೆ. ಪರಾತದ ಮುಂದೆ ಅವ್ವ ಬಗ್ಗಿದ್ದಾಳೆ, ಅವಳ ಬೆರಳುಗಳು ಒಂದಿಷ್ಟು ಅಗಲುತ್ತವೆ, ಮತ್ತೆ ಕೂಡುತ್ತವೆ. ಕೂದಲನ್ನು ಯಾರೂ ಹಾಗೆ ಎಳೆದು ನೋಡುವುದಿಲ್ಲ. ಇದನ್ನು ನಾನು ಅಂದೇ ಕಂಡಿದ್ದೆನೋ, ಬಚ್ಚಲಿನಲ್ಲಿ ನನ್ನ ಬೆರಳುಗಳನ್ನು ನೋಡಿದ ಮೇಲೆ ಅವಳ ಕೈಗೆ ಜೋಡಿಸಿಕೊಂಡೆನೋ, ನಿಜವಾಗಿ ಹೇಳಲಾರೆ. ಕಂಡಿದ್ದರೆ, ಅವಳ ಲೆಕ್ಕವೂ ನನಗೆ ಅರ್ಥವಾಗುತ್ತದೆ. ಹುಡುಗಿಯ ತಲೆಯಿಂದ ಕೂದಲು ಉದುರುವುದು ಯಾವ ಮನೆಯಲ್ಲಾದರೂ ಆಗಬಹುದು. ಬಾಯಿ ಕೊಯ್ದ ಟ್ಯೂಬು ಕಾಳಿನ ಖೋಲಿಯಲ್ಲಿತ್ತು ಎಂದರೆ, ಎಲ್ಲ ಶುದ್ಧವಾಗಿದೆ ಎಂದು ಮಗ ಹೇಳಿದ ಮಾತೇ ಸುಳ್ಳಾಗುತ್ತದೆ. ಅದನ್ನು ಬೆಳಿಗ್ಗೆ ಕಣ್ಣಾರೆ ನೋಡಿದವಳು ಅವಳು.

ಅಣ್ಣನಿಗೆ ನಾನು ಏನೂ ಹೇಳಿಲ್ಲ. ಅವನು ಈಗಲೂ ಫೋನ್ ಮಾಡುತ್ತಾನೆ, ನಾನು ಈಗಲೂ ತರುತ್ತೇನೆ. ಕಾಕು ಬಂದಾಗ ನನ್ನನ್ನು ಅಡುಗೆಮನೆಯ ಹೊಸ್ತಿಲ ಆಚೆಯೇ ನಿಲ್ಲಿಸುತ್ತಾಳೆ, ಅವ್ವ ಆಗ ಒಲೆಯ ಕಡೆ ಮುಖ ಮಾಡಿರುತ್ತಾಳೆ.

ಕಳೆದ ಭಾನುವಾರ ಮನೆಯಲ್ಲಿ ಅವ್ವ, ನಾನು ಇಬ್ಬರೇ ಇದ್ದೆವು. ಅವಳು ಗೋದಿ ಹಸನು ಮಾಡುತ್ತಿದ್ದಳು, ನಾನು ಎದುರಿಗೆ ಕುಳಿತಿದ್ದೆ. ನಾನು ಹೀಗೆ ಕೇಳಿದಾಗ ಅವಳು ಮೊರ ಎತ್ತಿಕೊಂಡು ಕಾಳಿನ ಖೋಲಿಗೆ ಎದ್ದುಹೋದಳು.

"ಅವ್ವಾ, ಅವತ್ತ ಒಲಿಗಿ ಹಾಕೂ ಮುಂದ, ಅದು ನನ್ನ ಕೂದಲಲ್ಲ ಅಂತ ನಿನಗ ಗೊತ್ತಾಗಿತ್ತೇನು?"