ಬಟ್ಟೆ ಒಗೆದ ನೀರು

ಸಂಡೂರಿನಲ್ಲಿ ಅದಿರಿನ ಲಾರಿಗಳು ಓಡಾಡುವ ರಸ್ತೆಗೇ ತಗುಲಿಕೊಂಡಂತಿದೆ ನಮ್ಮ ಮನೆ. ಅವ್ವ ಬಟ್ಟೆ ಒಗೆದ ನೀರನ್ನು ಚೆಲ್ಲದೆ ಇಟ್ಟುಕೊಂಡು, ಮಧ್ಯಾಹ್ನ ಬಾಗಿಲ ಮುಂದಿನ ರಸ್ತೆಗೆ ಹಾಕುತ್ತಾಳೆ. ಕೆಂಪು ಧೂಳು ಅಡಗಿದರೆ ಮಾತ್ರ ದಮ್ಮಿನ ಕಾಯಿಲೆಯ ನಮ್ಮಜ್ಜಿಗೆ ಉಸಿರಾಟ ಸಲೀಸು.

ಹೋದ ಬೇಸಿಗೆಯಲ್ಲಿ ‘ಹಸಿರು ಮನೆ’ ಅಭಿಯಾನದವರೊಬ್ಬರು ಕಾರಿನಲ್ಲಿ ಬಂದರು. ಅವ್ವ ರಸ್ತೆಗೆ ಹಾಕಲು ಬಕೆಟ್ ಎತ್ತಿದ್ದನ್ನು ಕಂಡು, “ಹಿಂಗ ರಸ್ತೆಗೆ ನೀರು ಸುರೀಬ್ಯಾಡ್ರಿ ಅಮ್ಮಾ, ಉಳಿಸೋದು ಕಲೀರಿ” ಎಂದರು, ಓಣಿಗೆಲ್ಲ ಕೇಳುವಂತೆ. ಒಂದು ತಂಬಿಗೆ ನೀರೂ ದಂಡ ಮಾಡದವಳಿಗೆ ಈ ಪಾಠ!

ನನಗೆ ತಡೆಯಲಾಗಲಿಲ್ಲ. “ಸರ್, ಇದು ಬಟ್ಟೆ ಒಗೆದ ನೀರು. ಧೂಳು ಎಬ್ಬಿಸೋ ಲಾರಿಯವರಿಗೆ ಏನು ಪಾಠ ಹೇಳಿ ಬಂದ್ರಿ?”

“ಲಾರಿ ನಮಗ ಸಂಬಂಧ ಇಲ್ಲಮ್ಮ. ನಮ್ದು ಮನೆ ಅಷ್ಟೇ.”

“ಹಂಗಾದ್ರ ಮನೆಯೊಳಗ ಬರಬ್ಯಾಡ ಅಂತ ಧೂಳಿಗೇ ಹೇಳ್ರಿ!”

“ಸುಮ್ಕಿರಲೇ, ದೊಡ್ಡವರ ಜೋಡಿ ವಾದ ಮಾಡ್ತಾಳ!” ಎಂದು ಅವ್ವ ನನ್ನನ್ನೇ ಗದರಿ, ನಾಚಿಕೆಯಿಂದ ಬಕೆಟ್ ಒಳಗೆ ತಂದಿಟ್ಟಳು.

ವಾದ ಗೆದ್ದು ಏನು ಬಂತು? ಎರಡು ಮೂರು ಲಾರಿ ಹೋಗುವಷ್ಟರಲ್ಲಿ ಅಜ್ಜಿ ಎದ್ದು ಕೂತು ಏದುಸಿರು ಬಿಡತೊಡಗಿದಳು. ಪಕ್ಕದ ಮನೆಯ ಬಾಗಿಲಲ್ಲಿ ಅಭಿಯಾನದವರ ಉಪದೇಶ ಇನ್ನೂ ನಡೆದಿತ್ತು. ನಾನು ಬಕೆಟ್ ಎತ್ತಿಕೊಂಡು ಹೋಗಿ, ಅವರು ನೋಡುತ್ತಿದ್ದಂತೆಯೇ, ಅಷ್ಟೂ ನೀರನ್ನು ರಸ್ತೆಗೆ ಸುರಿದೆ.