ಡಿಂಪ್ನಾ ಬರೆದಿಟ್ಟ ಕೆಂಪಿನ ದಿನಚರಿ

ಡಿಂಪ್ನಾ ಗಾಹನ್ ಹುಟ್ಟಿದ ಲಾಗಾಯ್ತು ಒಂದು ತೊಟ್ಟು ಮದ್ಯ ನಾಲಿಗೆಗೆ ಸೋಕಿಸಿದವಳಲ್ಲ. ಕ್ರಿಸ್‌ಮಸ್ ಕೇಕಿಗೆ ವಿಸ್ಕಿ ಹಾಕಿದ್ದಾರೆಂದು ಅದನ್ನೂ ಮುಟ್ಟದೆ, ಮದುವೆಯಾದ ವರ್ಷದಿಂದ ಇವತ್ತಿನವರೆಗೂ ಅತ್ತೆಯ ಕೈಲಿ ಬೈಸಿಕೊಳ್ಳುತ್ತಿರುವವಳು. ಅಂಥವಳನ್ನು ಕುಡುಕಿ ಅಂದುಬಿಟ್ಟರು ನಮ್ಮ ಜನ. ಮೇಯೋ ಜಿಲ್ಲೆಯ ಈ ಪಡುವಣ ತೀರದಲ್ಲಿ ಗಾಳಿಗೆ ಬೇಲಿಯೂ ನೆಟ್ಟಗೆ ನಿಲ್ಲುವುದಿಲ್ಲ, ಆದರೆ ಒಬ್ಬರ ಮೇಲೆ ಹುಟ್ಟಿದ ಮಾತು ಮಾತ್ರ ಗಟ್ಟಿಯಾಗಿ ಬೇರು ಬಿಡುತ್ತದೆ.

ಅವಳು ಶಾಲೆಯ ಬಸ್ಸು ಓಡಿಸುತ್ತಾಳೆ. ಹದಿನಾರು ಸೀಟಿನ ಚಿಕ್ಕ ಬಸ್ಸು. ಬಂಡೆಯಂಚಿನ ರಸ್ತೆ, ಎಡಕ್ಕೆ ಗೋಡೆ, ಬಲಕ್ಕೆ ಸಮುದ್ರ. ಹನ್ನೊಂದು ವರ್ಷದಲ್ಲಿ ಒಂದು ಕನ್ನಡಿ ಕೂಡ ಒಡೆದುಕೊಂಡವಳಲ್ಲ.

ಎರಡು ಚಳಿಗಾಲದ ಹಿಂದೆ ಅವಳ ಕೆನ್ನೆ ಕೆಂಪಾಗತೊಡಗಿತು. ಮೊದಮೊದಲು ಬಂದು ಹೋಗುತ್ತಿತ್ತು. ಆಮೇಲೆ ಬಂದದ್ದು ಹೋಗುವುದನ್ನೇ ಮರೆಯಿತು. ಮೂಗಿನ ಇಕ್ಕೆಲದಲ್ಲಿ ಸಣ್ಣ ನರಗಳು ಕಾಣಿಸಿದವು, ಗಲ್ಲದ ಮೇಲೆ ಮೊಡವೆಯಂಥ ಗುಳ್ಳೆ ಎದ್ದವು. ನಲವತ್ತೈದು ದಾಟಿದ ಮೇಲೆ ಮೊಡವೆ! ಉರಿ ಬೇರೆ. ಬಿಸಿ ಟೀ ಕುಡಿದರೆ ಉರಿ, ಗಾಳಿಗೆ ಹೋದರೆ ಉರಿ, ಒಲೆಯ ಮುಂದೆ ಕೂತರೆ ಉರಿ. ನಮ್ಮೂರಲ್ಲಿ ಟೀ, ಗಾಳಿ, ಒಲೆ ಈ ಮೂರನ್ನೂ ಬಿಟ್ಟು ಬದುಕುವುದು ಹೇಗೆ?

ಗಂಡ ಫಿಂಟನ್ ಗಾರೆ ಕೆಲಸದವನು. ಸಿಮೆಂಟಿಗೆ ಅವನ ಕೈ ಒಡೆದು ಕಜ್ಜಿಯಾಗುತ್ತದೆ. ಅದಕ್ಕೆಂದು ಕೊಟ್ಟ ಮುಲಾಮಿನ ಟ್ಯೂಬು ಅಡುಗೆಮನೆಯ ಡ್ರಾದಲ್ಲಿರುತ್ತಿತ್ತು. ಒಂದು ದಿನ ಡಿಂಪ್ನಾ ಅದನ್ನೇ ಕೆನ್ನೆಗೆ ತಿಕ್ಕಿಕೊಂಡಳು. ಎರಡೇ ದಿನಕ್ಕೆ ಮುಖ ತಣ್ಣಗೆ, ಬೆಳ್ಳಗೆ! ದೇವರು ಟ್ಯೂಬಿನೊಳಗೆ ಕೂತಿದ್ದಾನೆ ಅಂದುಕೊಂಡಳು. ಎಂಟು ತಿಂಗಳು ಹಚ್ಚಿದಳು. ಅಷ್ಟರಲ್ಲಿ ಒಂದು ದಿನ ಬಿಟ್ಟರೆ ಮುಖ ಮೊದಲಿಗಿಂತ ಎರಡರಷ್ಟು ಕೆಂಪಾಗುವ ಹಾಗಾಗಿತ್ತು.

ಜನ ಗುಸುಗುಸು ಶುರುಮಾಡಿದರು. ಅದಕ್ಕೆ ಕಾರಣವೂ ಇತ್ತು. ಡಿಂಪ್ನಾಳ ಅಪ್ಪ ದೊಡ್ಡ ಕುಡುಕ. ಟ್ರ್ಯಾಕ್ಟರಿನ ಸಮೇತ ಹಳ್ಳಕ್ಕೆ ಬಿದ್ದು ಸತ್ತವನು. ಅವನ ಕೊನೆಗಾಲದ ಮೂಗನ್ನು ಊರೇ ನೋಡಿತ್ತು. ಆ ಸಾವಿನ ವರ್ಷವೇ, ಹನ್ನೆರಡರ ಡಿಂಪ್ನಾ ಚರ್ಚಿನಲ್ಲಿ ಜನ್ಮಪೂರ್ತಿ ಕುಡಿಯುವುದಿಲ್ಲವೆಂದು ಆಣೆ ಹಾಕಿದ್ದಳು. ಹಾಗೆ ಆಣೆ ಹಾಕಿದವರು ಎದೆಯ ಮೇಲೆ ಪುಟ್ಟ ಪಿನ್ನೊಂದನ್ನು ಚುಚ್ಚಿಕೊಳ್ಳುತ್ತಾರೆ. ಅದನ್ನು ನೋಡಿದರೆ ಯಾರೂ ಗ್ಲಾಸು ಮುಂದೆ ಮಾಡುವುದಿಲ್ಲ. ಈಗ ಕೆಂಪು ಮೂಗಿನ ಕೆಳಗೆ ಆ ಪಿನ್ನು! ಪೋಸ್ಟಾಫೀಸಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕದ್ದು ಅವಳ ಕಿವಿಗೆ ಬಿತ್ತು. "ಪಿನ್ನು ಹಗಲಿಗೆ, ಬಾಟ್ಲಿ ರಾತ್ರಿಗೆ."

ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮನೆಗೆ ಬಂದು ಕೋಟಿನಿಂದ ಪಿನ್ನು ಕಿತ್ತು ಸಕ್ಕರೆ ಬಟ್ಟಲಿನ ಹಿಂದೆ ಇಟ್ಟಳು. ಪಿನ್ನು ಇಲ್ಲದಿದ್ದರೆ ನಗುವುದಕ್ಕೆ ಏನೂ ಸಿಗುವುದಿಲ್ಲ ಅನ್ನುವುದು ಅವಳ ಲೆಕ್ಕಾಚಾರ. ಅಯ್ಯೋ ಹುಚ್ಚಿ! ನಮ್ಮೂರಲ್ಲಿ ಪಿನ್ನು ಹಾಕಿಕೊಂಡರೆ ಯಾರೂ ತಲೆಯೆತ್ತಿ ನೋಡದಿರಬಹುದು, ತೆಗೆದರೆ ಮಾತ್ರ ಅದರ ಅರ್ಥ ಒಂದೇ: ಆಣೆ ಮುರಿಯಿತು. ಭಾನುವಾರದ ಪೂಜೆ ಮುಗಿಯುವುದರೊಳಗೆ ಗುಮಾನಿ ಖಾತ್ರಿಯಾಗಿಹೋಯಿತು.

ಆವತ್ತಿನಿಂದ ಬಸ್ಸಿನ ಬಾಗಿಲಲ್ಲಿ ಕನ್‌ಸೆಪ್ಟಾ ಬ್ಯಾರೆಟ್ ಕಾಣಿಸಿಕೊಳ್ಳತೊಡಗಿದಳು. ಪೋಷಕರ ಸಮಿತಿಯ ಮುಖ್ಯಸ್ಥೆ. ಮಗಳನ್ನು ಹತ್ತಿಸುವ ನೆಪದಲ್ಲಿ ತಲೆ ಒಳಗೆ ತೂರಿಸಿ, "ಏನಮ್ಮಾ, ಚಳಿ ಅಲ್ವಾ?" ಅನ್ನುವಳು. ಉತ್ತರಕ್ಕೆ ಕಾಯುವಳು, ಉತ್ತರಕ್ಕಲ್ಲ, ಉಸಿರಿಗೆ. ಡಿಂಪ್ನಾಗೆ ಗೊತ್ತಾಗುತ್ತಿತ್ತು. ಬಾಯಿ ಒಣಗಿ ಪುದೀನ ಮಿಠಾಯಿ ಚೀಪುತ್ತಿದ್ದಳು. ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಮಿಠಾಯಿಯೂ ಪಕ್ಕಕ್ಕೆ ತಿರುಗಿದ ಮುಖವೂ ಕುಡುಕರ ಲಕ್ಷಣವೇ ಅಂತ ಬೇರೆ ಹೇಳಬೇಕೆ?

ಫೆಬ್ರವರಿಯ ಮೊದಲ ವಾರ ಹೆಡ್‌ಮಾಸ್ತರ್ ಲವೆಲ್ ಫೋನು ಮಾಡಿದರು. "ನೋಡು ಡಿಂಪ್ನಾ, ಒಂದು ಕಾಗದ ಬಂದಿದೆ. ಹೆಸರಿಲ್ಲ. ನಂಗೇನೂ ಅನುಮಾನ ಇಲ್ಲ, ಆದ್ರೆ ಮಕ್ಕಳ ವಿಷಯ. ಹದಿನಾಲ್ಕನೇ ತಾರೀಕು, ಗುರುವಾರ ಸಂಜೆ ನಾಲ್ಕಕ್ಕೆ ಬಾ. ಸಮಿತಿಯವರು ಇರ್ತಾರೆ."

"ಮಾಸ್ತರೇ, ಬೇಕಾದ್ರೆ ಪೊಲೀಸರ ಯಂತ್ರಕ್ಕೆ ಊದ್ತೀನಿ. ತರಿಸಿ."

"ನಾನೂ ಅದನ್ನೇ ಅಂದೆ. ಒಂದು ದಿನ ಊದಿದ್ರೆ ಒಂದು ದಿನದ ಮಾತಾಯ್ತು ಅಂತಾರೆ ಕಣಮ್ಮ."

ಅವಳು ಫೋನು ಕೆಳಗಿಟ್ಟಳು. ಬಸ್ಸು ಹೋದರೆ ಬೇರೆ ಕೆಲಸ ಸಿಕ್ಕೀತು. ಆದರೆ ಈ ಊರಲ್ಲಿ ಒಮ್ಮೆ ಕುಡುಕಿಯೆಂದು ಬಸ್ಸಿನಿಂದ ಇಳಿಸಿದರೆ, ಸತ್ತ ಮೇಲೂ ಅವಳು ಅಪ್ಪನ ಮಗಳೇ. ಮೂವತ್ತೈದು ವರ್ಷ ಅವಳು ಓಡಿ ತಪ್ಪಿಸಿಕೊಂಡದ್ದು ಅದೊಂದರಿಂದಲೇ.

ಮರುದಿನವೇ ಡಾಕ್ಟರ್ ಮನ್ನೆಲಿ ಹತ್ತಿರ ಹೋದಳು. ಚಿಕ್ಕ ವಯಸ್ಸಿನ ಡಾಕ್ಟರು, ಮಾತು ನೇರ. ಅವಳ ಮುಖವನ್ನು ಒಮ್ಮೆ ನೋಡಿದವಳೇ, "ಏನು ಹಚ್ತಾ ಇದ್ದೀರಿ?" ಎಂದು ಕೇಳಿದಳು.

ಡಿಂಪ್ನಾ ಕಳ್ಳಮಾಲಿನ ಹಾಗೆ ಚೀಲದಿಂದ ಟ್ಯೂಬು ತೆಗೆದಳು.

"ಇದನ್ನ ಇವತ್ತೇ ಬಿಡಿ. ನಿಮಗಿರೋದು ರೊಸೇಸಿಯಾ. ನಮ್ಮ ಕಡೆ ಬಿಳಿ ಚರ್ಮದವರಲ್ಲಿ ಬೇಕಾದಷ್ಟು ಜನಕ್ಕೆ ಬರುತ್ತೆ. ಅಂಟುರೋಗ ಅಲ್ಲ. ಕುಡಿದವರಿಗೇ ಬರ್ಬೇಕು ಅಂತಾನೂ ಇಲ್ಲ. ಈ ಸ್ಟೀರಾಯ್ಡ್ ಮುಲಾಮು ಮೊದಲು ತಣಿಸಿ ಆಮೇಲೆ ಕೆಡಿಸುತ್ತೆ."

"ವಾಸಿಯಾಗುತ್ತಾ ಡಾಕ್ಟ್ರೇ?"

"ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಹತೋಟೀಲಿ ಇಡಬಹುದು. ಒಂದು ಜೆಲ್ ಕೊಡ್ತೀನಿ, ಕೆಲವು ವಾರ ಮಾತ್ರೆ. ಮೋಡ ಇದ್ರೂ ಬಿಸಿಲಿನ ಕ್ರೀಮು ಹಚ್ಚಿ. ಟೀ ಆರಿಸಿ ಕುಡೀರಿ. ಒಂದು ಪುಸ್ತಕ ಇಟ್ಕೊಂಡು, ಯಾವಾಗ ಕೆಂಪಾಯ್ತು, ಅದಕ್ಕೆ ಮುಂಚೆ ಏನಾಗಿತ್ತು ಅಂತ ದಿನಾ ಬರೀರಿ. ಒಬ್ಬೊಬ್ಬರಿಗೆ ಒಂದೊಂದು ಕೆಣಕುತ್ತೆ. ನಿಮ್ಮನ್ನ ಕೆಣಕೋದು ಯಾವುದು ಅಂತ ನೀವೇ ಹಿಡೀಬೇಕು." ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದಳು. "ಮುಲಾಮು ಬಿಟ್ಟ ಮೇಲೆ ಎರಡು ಮೂರು ವಾರ ಈಗಿರೋದಕ್ಕಿಂತ ಜಾಸ್ತಿ ಆಗುತ್ತೆ. ಹೆದರಬೇಡಿ."

ಎರಡು ಮೂರು ವಾರ! ಡಿಂಪ್ನಾ ಬೆರಳು ಮಡಿಸಿ ಎಣಿಸಿದಳು. ಸಭೆಗೆ ಉಳಿದಿರುವುದು ಒಂಬತ್ತು ದಿನ. ಎಲ್ಲಕ್ಕಿಂತ ಕೆಟ್ಟ ಮುಖ ಹೊತ್ತುಕೊಂಡೇ ಅವರ ಮುಂದೆ ಕೂರಬೇಕು.

ಫೆಬ್ರವರಿಯ ಜಡಿಮಳೆಯಲ್ಲಿ ಬಿಸಿಲಿನ ಕ್ರೀಮು ಕೊಳ್ಳಲು ಹೋದಾಗ, "ಸ್ಪೇನಿಗೆ ಹೊರಟ್ರಾ?" ಎಂದಳು ಅಂಗಡಿಯವಳು. ಡಿಂಪ್ನಾ ನಗಲಿಲ್ಲ. ಹಳೆಯ ಶಾಲಾ ಪುಸ್ತಕವೊಂದರಲ್ಲಿ ಬರೆಯಲು ಕೂತಳು. ಯಾರೂ ಓದದ ಪುಸ್ತಕ ಅಂತ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಳು. ಏಳನೆಯ ದಿನಕ್ಕೆ ಮುಖ ಬೆಂದ ಹಾಗಾಗಿತ್ತು. ಸ್ಟಿಯರಿಂಗ್ ಹಿಡಿದವಳ ಕಣ್ಣು ರಸ್ತೆಯ ಮೇಲಿದ್ದರೂ, ಕನ್ನಡಿಯಲ್ಲಿ ಕಾಣುವ ಅಪ್ಪನ ಮೂಗಿಗೆ ಎದೆ ಧಸಕ್ಕೆನ್ನುತ್ತಿತ್ತು.

ಗುರುವಾರ ಬೆಳಿಗ್ಗೆ ಫಿಂಟನ್ ಡ್ರಾದಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟ. "ಚೂರು ಹಚ್ಕೊಳೇ. ಇವತ್ತೊಂದು ದಿನ. ಡಾಕ್ಟ್ರಿಗೆ ನಾನೇನು ಹೇಳೋಕೆ ಹೋಗ್ತೀನಾ?"

ಅವಳು ಮುಚ್ಚಳ ತಿರುಗಿಸಿದಳು. ಒಂದು ಕಾಳಿನಷ್ಟು ಬೆರಳಿನ ಮೇಲೆ ತೆಗೆದುಕೊಂಡಳು. ಹಚ್ಚಿದರೆ ಇವತ್ತು ಸ್ವಲ್ಪ ತಗ್ಗೀತು. ಆಮೇಲೆ? ಮತ್ತೆ ಮೊದಲಿಂದ. ನಾಳೆಗೂ ಬೇಕು, ನಾಡಿದ್ದಿಗೂ ಬೇಕು, ಯಾರಿಗೂ ಕಾಣದ ಹಾಗೆ ಬೇಕು. ಅಪ್ಪನೂ ದಿನಾ "ಇವತ್ತೊಂದು ದಿನ" ಅನ್ನುತ್ತಿದ್ದುದು ನೆನಪಾಯಿತು. ಬೆರಳನ್ನು ಫಿಂಟನ್‌ನ ಒಡಕು ಕೈಗೆ ಒರೆಸಿ ಎದ್ದಳು.

ಶಾಲೆಯ ಕೋಣೆಯಲ್ಲಿ ಮಾಸ್ತರು, ಕನ್‌ಸೆಪ್ಟಾ, ಇನ್ನಿಬ್ಬರು ತಾಯಂದಿರು. ಮೂಲೆಯ ಒಲೆಯಲ್ಲಿ, ನಮ್ಮ ಕಡೆ ಸೌದೆಯ ಬದಲು ಉರಿಸುವ ಜವುಗುಮಣ್ಣಿನ ಒಣ ಹೆಂಟೆ ನಿಗಿನಿಗಿ ಉರಿಯುತ್ತಿತ್ತು. ಹೊರಗಿನಿಂದ ಬಂದವರಿಗೆ ಮರ್ಯಾದೆಯೆಂದು ಒಲೆಯ ಪಕ್ಕದ ಕುರ್ಚಿಯನ್ನೇ ಅವಳಿಗೆ ಬಿಟ್ಟಿದ್ದರು. ಹಬೆಯಾಡುವ ಟೀ ಬಂತು. ಬೇಡ ಅನ್ನುವುದು ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ಟೀ ಕಪ್ಪನ್ನು ಕೈಯಲ್ಲಿ ಹಿಡಿದು ಕೂತಳು. ಕೆನ್ನೆ ಧಗಧಗ ಅನ್ನತೊಡಗಿತು. ಕೆಂಪಾಗುತ್ತಿದೆ ಅಂತ ಗೊತ್ತಾದಷ್ಟೂ ಹೆದರಿಕೆ, ಹೆದರಿದಷ್ಟೂ ಕೆಂಪು.

ಅವಳು ಬರೆಸಿಕೊಂಡು ತಂದಿದ್ದ ಡಾಕ್ಟರ ಪತ್ರವನ್ನು ಮಾಸ್ತರು ಓದಿದರು. ಕನ್‌ಸೆಪ್ಟಾ ಗಂಟಲು ಸರಿಮಾಡಿಕೊಂಡಳು. "ಕಾಯಿಲೆ ಇರಬಹುದು, ಇಲ್ಲ ಅನ್ನಲ್ಲ. ಕಾಯಿಲೆ ಇರೋರು ಕುಡಿಯಲ್ಲ ಅಂತ ಪತ್ರದಲ್ಲಿ ಬರೆದಿಲ್ವಲ್ಲ."

"ಪುಸ್ತಕ ಇದೆ," ಎಂದಳು ಡಿಂಪ್ನಾ. ಚೀಲದಿಂದ ತೆಗೆದು ಮಾಸ್ತರ ಮುಂದಿಟ್ಟಳು. "ಡಾಕ್ಟ್ರು ಬರೆಯೋಕೆ ಹೇಳಿದ್ದು. ಯಾವುದರಿಂದ ಕೆಂಪಾಗುತ್ತೆ ಅಂತ ಅದರಲ್ಲಿದೆ."

ಮಾಸ್ತರು ಕನ್ನಡಕ ಏರಿಸಿ, ಪಾಠ ಓದುವ ದನಿಯಲ್ಲೇ ಶುರುಮಾಡಿದರು. "ಮಂಗಳವಾರ. ಪಡುವಣ ಗಾಳಿ, ಬಸ್ಸಿನ ತನಕ ನಡೆದೆ. ಕೆಂಪು, ಇಪ್ಪತ್ತು ನಿಮಿಷ. ಬುಧವಾರ. ಬಿಸಿ ಟೀ. ಕೆಂಪು, ಅರ್ಧ ಗಂಟೆ. ಗುರುವಾರ. ಒಲೆಯ ಮುಂದೆ ಕೂತೆ. ಕೆಂಪು, ಮುಕ್ಕಾಲು ಗಂಟೆ. ಶುಕ್ರವಾರ. ಕನ್‌ಸೆಪ್ಟಾ ಬಾಗಿಲಲ್ಲಿ ತಲೆ ಹಾಕಿ ನನ್ನ ಉಸಿರು ಮೂಸಿದಳು..."

ಡಿಂಪ್ನಾಳ ಕೈಲಿದ್ದ ಟೀ ಕಪ್ಪು ತಟ್ಟೆಗೆ ಬಡಿಯಿತು. ಆ ಸಾಲು ಪುಸ್ತಕದಲ್ಲಿರುವುದನ್ನೇ ಅವಳು ಮರೆತಿದ್ದಳು. "ಸಾಕು ಮಾಸ್ತರೇ."

ಮಾಸ್ತರು ನಿಲ್ಲಿಸಲಿಲ್ಲ. ದನಿ ಮಾತ್ರ ಇಳಿಯಿತು. "ಎರಡು ಗಂಟೆ. ಸೋಮವಾರ. ಮತ್ತೆ ಮೂಸಿದಳು. ಮಕ್ಕಳು ನೋಡುತ್ತಿದ್ದರು. ಮಧ್ಯಾಹ್ನದವರೆಗೆ. ಮಂಗಳವಾರ. ಮೂಸಿದಳು. ಅಪ್ಪ ನೆನಪಾದ. ಇಡೀ ದಿನ."

ಕನ್‌ಸೆಪ್ಟಾಳ ಮುಖವೂ ಕಿವಿಯ ತನಕ ಕೆಂಪಾಗಿತ್ತು. ನಾಚಿಕೆಯ ಕೆಂಪು ಅದು, ಬೇಗ ಇಳಿಯುವಂಥದು.

"ಹಾಗಾದ್ರೆ ಪಿನ್ನು ಯಾಕೆ ತೆಗೆದೆ?" ಎಂದಳು ಕೊನೆಗೆ. ದನಿಯಲ್ಲಿ ಹಿಂದಿನ ಚುಚ್ಚು ಇರಲಿಲ್ಲ. "ಅದು ಇಲ್ಲದ್ದು ನೋಡೇ ನಾವು..."

"ಹಾಕ್ಕೊಂಡಿದ್ರೆ ಏನಂತಿದ್ರಿ? ಪಿನ್ನು ಹಾಕ್ಕೊಂಡು ಕುಡೀತಾಳೆ, ದೇವರಿಗೂ ಸುಳ್ಳು ಹೇಳ್ತಾಳೆ ಅಂತಿರಲಿಲ್ವಾ?"

ಕನ್‌ಸೆಪ್ಟಾ ಪುಸ್ತಕದತ್ತ ನೋಡಿದಳು. "ಅಂತಿದ್ವಿ," ಎಂದಳು. ಅವಳ ಬಗ್ಗೆ ಏನೇ ಹೇಳಿ, ಆ ಒಂದು ಮಾತಿಗೆ ನಾನು ತಲೆಬಾಗುತ್ತೇನೆ. ಆಮೇಲೆ ಎದ್ದು, ಕಿಟಕಿಯ ಪಕ್ಕ ತಾನು ಕೂತಿದ್ದ ಕುರ್ಚಿಯನ್ನು ತೋರಿಸಿದಳು. "ಇಲ್ಲಿ ಕೂತ್ಕೋ ಬಾ. ಅಲ್ಲಿ ಒಲೆ ಇದೆ."

ಬಸ್ಸು ಡಿಂಪ್ನಾಳ ಕೈಲೇ ಉಳಿಯಿತು. ಮಾರನೆಯ ಬೆಳಿಗ್ಗೆ ಪಿನ್ನನ್ನು ಕೋಟಿಗೆ ಚುಚ್ಚುವಾಗ ಅವಳ ಬೆರಳು ಎರಡು ಸಲ ತಪ್ಪಿತು. ಬ್ಯಾರೆಟ್ಟರ ಮನೆಯ ಮುಂದೆ ಬಸ್ಸು ನಿಧಾನ ಮಾಡುವಾಗ ಕೈ ತಾನಾಗಿ ಪುದೀನ ಮಿಠಾಯಿಯ ಪೊಟ್ಟಣಕ್ಕೆ ಹೋಯಿತು. ಕನ್‌ಸೆಪ್ಟಾ ಮಳೆಯಲ್ಲಿ ಗೇಟಿನ ಹತ್ತಿರವೇ ನಿಂತು ಕೈಯೆತ್ತಿದಳು. ಮಗಳು ಒಬ್ಬಳೇ ಬಂದು ಹತ್ತಿದಳು.

ಆ ಸಂಜೆ ಪುಸ್ತಕದಲ್ಲಿ ಅವಳು ಬರೆದದ್ದು ಇಷ್ಟು: "ಶುಕ್ರವಾರ. ಮಳೆ, ಪಡುವಣ ಗಾಳಿ. ಟೀ ಆರಿಸಿ ಕುಡಿದೆ. ಯಾರೂ ಮೂಸಲಿಲ್ಲ. ಮೂಸುತ್ತಾರೇನೋ ಅಂತ ಹೆದರಿದೆ. ಕೆಂಪು, ಒಂದು ಗಂಟೆ."