ಹಳೇ ಬಾಗಿಲುಗಳ ಬೂದಿ

ಎಡ್ವಿನ್ ಹೆಸ್ಲಪ್‌ನಂಥ ಜಿಪುಣ ನಮ್ಮ ಕಾರ್‌ಸೈಡ್ ಎಂಬ ಗಣಿಯೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಕೈಯಲ್ಲಿ ಜಿಪುಣನಲ್ಲ. ಸಸಿ ಕೇಳಿದರೆ ಸಸಿ ಕೊಡುತ್ತಿದ್ದ, ಸಲಿಕೆ ಕೇಳಿದರೆ ಸಲಿಕೆ. ಜಿಪುಣತನವೆಲ್ಲ ಬಾಯಿಯದು. ಸೆಪ್ಟೆಂಬರಿನಲ್ಲಿ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಉದ್ದ ಕಾಂಡದ ಲೀಕ್ ಈರುಳ್ಳಿಯ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಹನ್ನೊಂದು ಸಲ ಕಪ್ ಗೆದ್ದವನು ಅವನು. ಅವನ ಲೀಕ್ ನನ್ನ ತೋಳಿಗಿಂತ ದಪ್ಪ. ಏನು ಹಾಕಿ ಬೆಳೆಸಿದೆ ಎಂದು ಯಾರು ಕೇಳಿದರೂ “ಈ ವರ್ಷ ಮಳೆ ಚೆನ್ನಾಗಿತ್ತು” ಎನ್ನುತ್ತಿದ್ದ. ಮಳೆಯೇ ಬಾರದ ವರ್ಷವೂ ಹಾಗೇ ಅಂದ.

ಕೌನ್ಸಿಲ್ಲಿನವರು ಬಾಡಿಗೆಗೆ ಕೊಟ್ಟ ನಲವತ್ತು ತೋಟಗಳಲ್ಲಿ ಅವನದು ಹದಿನೇಳನೆಯದು, ನಮ್ಮದು ಹದಿನೆಂಟು. ನನ್ನ ಗಂಡ ಬರ್ನಾರ್ಡ್ ಬೇಲಿಯ ಮೇಲೆ ಮೊಣಕೈ ಊರಿ ಇಪ್ಪತ್ತು ವರ್ಷ ಆ ಗುಟ್ಟು ಕೇಳಿದ. ಕೇಳಿ ಕೇಳಿ ಸಾಕಾಗಿ ಒಂದು ಫೆಬ್ರವರಿಯಲ್ಲಿ ತೀರಿಕೊಂಡ.

ತೋಟದವನು ಸತ್ತರೆ ಮೊದಲ ವಸಂತದಲ್ಲಿ ಅಕ್ಕಪಕ್ಕದವರು ಅಗೆದುಕೊಡುವುದು ನಮ್ಮಲ್ಲಿ ವಾಡಿಕೆ. ಎಡ್ವಿನ್ ಒಬ್ಬನೇ ಮೂರು ದಿನ ಬಂದು, ತುಟಿ ಬಿಚ್ಚದೆ ನಮ್ಮ ತೋಟ ಅಗೆದ. ಮೂರನೇ ದಿನ ಸಲಿಕೆಗೆ ಒರಗಿ ನಿಂತು, ಅತ್ತ ಇತ್ತ ನೋಡಿ ಹೇಳಿದ:

“ಥೆಲ್ಮಾ, ಯಾರಿಗೂ ಹೇಳ್ಬೇಡ. ಗಣಿಯೋರ ಸಾಲುಮನೆ ಕೆಡವಿದಾಗ ಅದರ ಬಾಗಿಲೆಲ್ಲ ನಾನು ತಂದಿಟ್ಕೊಂಡಿದೀನಿ. ವರ್ಷಕ್ಕೊಂದೆರಡು ಸುಟ್ಟು, ಆ ಬೂದಿ ಲೀಕ್ ಪಾತಿಗೆ ಹಾಕ್ತೀನಿ. ಅಷ್ಟೇ. ನಿಂಗೂ ಒಂದು ಬಕೆಟ್ ಕೊಡ್ತೀನಿ.”

ನಾನು ನಂಬಲಿಲ್ಲ. ಒಡಹುಟ್ಟಿದ ತಮ್ಮನಿಗೆ ಹೇಳದವನು ನನಗೇಕೆ ಹೇಳುತ್ತಾನೆ? ತೋಟಕ್ಕೆ ಹೊಸಬಳು, ಹೆಂಗಸು, ಇವಳ ಪಾತಿ ಹಾಳಾಗಲಿ, ಕ್ಲಬ್ಬಿನಲ್ಲಿ ನಗಲಿಕ್ಕೊಂದು ವಿಷಯ ಸಿಗಲಿ ಎಂದು ಹೇಳುತ್ತಿದ್ದಾನೆ ಅಂದುಕೊಂಡೆ. ಪ್ರತಿ ನವೆಂಬರಿನಲ್ಲೂ ಗೋಣಿ ಮುಚ್ಚಿದ ಒಂದು ಬಕೆಟ್ ಬೂದಿ ನನ್ನ ಗೇಟಿನ ಬಳಿ ಇರುತ್ತಿತ್ತು. ಪ್ರತಿ ನವೆಂಬರಿನಲ್ಲೂ ಅದನ್ನು ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಗೆ ಹಾಕಿ, ಖಾಲಿ ಬಕೆಟ್ ಹಿಂದಿರುಗಿಸಿ “ತುಂಬ ಉಪಕಾರ ಆಯ್ತು” ಎನ್ನುತ್ತಿದ್ದೆ. ಐದನೇ ವರ್ಷ ನನ್ನ ಲೀಕಿಗೆ ಮೂರನೇ ಬಹುಮಾನ ಬಂತು. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಎಡ್ವಿನ್. ಬೂದಿಯಿಂದ ಲೀಕ್ ಕೆಡಲಿಲ್ಲವೆಂಬ ಸೋಲು ಮುಚ್ಚಿಡಲು ನಾಟಕ ಆಡುತ್ತಿದ್ದಾನೆ ಅಂತ ನನಗೆ ಒಳಗೊಳಗೇ ಉರಿಯಿತು.

ಕಳೆದ ವರ್ಷ ಬೇಲಿಯಾಚೆ ಹೊಸ ಮನೆ ಕಟ್ಟಲು ಹೊರಟರು. ಆ ನೆಪದಲ್ಲಿ ಕೌನ್ಸಿಲ್ಲಿನವರು ನಮ್ಮ ಮಣ್ಣನ್ನೂ ಪರೀಕ್ಷೆಗೆ ಒಯ್ದರು, ಮೂರು ತೋಟಕ್ಕೊಂದರಂತೆ. ಜೂನಿನಲ್ಲಿ ಕೌನ್ಸಿಲ್ಲಿನ ಒಬ್ಬ ಹೆಂಗಸು ಫಲಿತಾಂಶದ ಕಾಗದ ಹಿಡಿದುಕೊಂಡು ಬಂದಳು. ನಾವೆಲ್ಲ ನೀರಿನ ತೊಟ್ಟಿಯ ಸುತ್ತ ನಿಂತಿದ್ದೆವು. ನನ್ನ ಎರಡು ವರ್ಷದ ಮೊಮ್ಮಗಳು ಐಲ್ಸಾ ಕಾಲ ಬಳಿ ಕೂತು ಬಟಾಣಿ ಸುಲಿದು ತಿನ್ನುತ್ತಿದ್ದಳು. ಬಟಾಣಿ ಎಷ್ಟೋ ಮಣ್ಣೂ ಅಷ್ಟೇ.

“ಉಳಿದದ್ದೆಲ್ಲ ಪರವಾಗಿಲ್ಲ, ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು ತಿನ್ನಿ. ಹದಿನೇಳರಲ್ಲಿ ಮಾತ್ರ ಸೀಸ ಸಿಕ್ಕಾಪಟ್ಟೆ ಇದೆ. ಹಳೇ ಬಣ್ಣದಲ್ಲಿರ್ತಿತ್ತಲ್ಲ, ಅದೇ ಸೀಸ. ಹೆಸ್ಲಪ್ ಅವರೇ, ಮಣ್ಣಿಗೆ ಏನಾದ್ರೂ ಹಾಕಿದ್ರಾ?” ಎಂದು ಕೇಳಿದಳು ಆ ಹೆಂಗಸು.

“ಗೊಬ್ಬರ,” ಎಂದ ಎಡ್ವಿನ್.

“ಕಪ್ ಗೆಲ್ಲೋ ಗುಟ್ಟು ಈಗಲಾದ್ರೂ ಬಿಡಪ್ಪಾ,” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

“ದೊಡ್ಡವರಿಗಿಂತ ಪುಟ್ಟ ಮಕ್ಕಳಿಗೆ ಇದರಿಂದ ಅಪಾಯ ಹೆಚ್ಚು. ಮಣ್ಣು ಬಾಯಿಗೆ ಹೋಗದ ಹಾಗೆ ನೋಡ್ಕೊಳ್ಳಿ,” ಎಂದಳು ಆಕೆ. ಎಡ್ವಿನ್ ಐಲ್ಸಾಳ ಕೈಯನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವ ಹೊತ್ತಿಗೆ ಎಡ್ವಿನ್ ಬಾಗಿಲು ತಟ್ಟಿದ. ಎಪ್ಪತ್ತೆಂಟರ ಮುದುಕ, ಟೋಪಿ ಕೈಯಲ್ಲಿ. ಒಳಗೆ ಬಾ ಎಂದರೂ ಬರಲಿಲ್ಲ.

“ಆ ಬಾಗಿಲಿನ ಬಣ್ಣ ಕಣೇ ಥೆಲ್ಮಾ. ಬಣ್ಣದ ಸಮೇತ ಸುಡ್ತಿದ್ದೆ. ನಿನ್ನ ಮಣ್ಣಿನ ಪರೀಕ್ಷೆನೇ ಆಗಿಲ್ಲ, ಹನ್ನೆರಡು ವರ್ಷದಲ್ಲಿ ಹನ್ನೆರಡು ಬಕೆಟ್ ಹಾಕಿದೀಯ. ಮಗೂನ ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗು. ನಿನ್ನ ಮಗಳಿಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ.”

ಏನಾದರೊಂದು ಸುಳ್ಳು ಹೇಳಬಹುದಿತ್ತು. ನಿದ್ದೆಗೆಟ್ಟ ಮುದುಕನ ಮುಂದೆ ನಾಲಗೆ ಏಳಲಿಲ್ಲ.

“ನಾನು ಹಾಕಿಲ್ಲ, ಎಡ್ವಿನ್.”

“ಏನು ಹಾಕಿಲ್ಲ?”

“ಬೂದಿ. ಒಂದು ಹಿಡೀನೂ ಹಾಕಿಲ್ಲ. ಎಲ್ಲ ಕಸದ ತೊಟ್ಟಿಗೆ ಹೋಯ್ತು.”

ಅವನು ಮೆಟ್ಟಿಲ ಮೇಲೆ ಕೂತ. ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನ ಹೆಂಡತಿ ಮಣ್ಣಾದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಆಮೇಲೆ ಟೋಪಿ ಸರಿಸಿ ಕೇಳಿದ.

“ಹನ್ನೆರಡೂ ಬಕೆಟ್ಟಾ?”

“ಹನ್ನೆರಡೂ.”

“ಯಾಕೆ?”

“ನನ್ನ ಲೀಕ್ ಕೆಡಿಸೋಕೆ ಹೇಳ್ತಿದೀಯ ಅಂದ್ಕೊಂಡೆ.”

“ಬರ್ನಾರ್ಡ್ ಅಷ್ಟು ವರ್ಷ ಕೇಳ್ದ. ಹೇಳ್ಳಿಲ್ಲ ನಾನು. ಅವನು ಹೋದ್ಮೇಲೆ ಅದೇ ಕೊರಗು. ಅದಕ್ಕೇ ನಿಂಗೆ ಹೇಳಿದ್ದು,” ಎಂದ. ಆಮೇಲೆ, “ಹಂಗಾದ್ರೆ ಆ ಮೂರನೇ ಬಹುಮಾನ ಪೂರ್ತಿ ನಿಂದೇ. ಚೆನ್ನಾಗಿ ಬೆಳೆಸಿದ್ದೆ,” ಎಂದು ಎದ್ದು ಹೋದ.

ನನ್ನಷ್ಟು ಸಣ್ಣ ಮನಸ್ಸಿನವಳು ಇನ್ನೊಬ್ಬಳಿಲ್ಲ ಎಂದು ಆವತ್ತು ನನಗೆ ಅನ್ನಿಸಿತು. ಆದರೂ ಆ ಸಣ್ಣತನವೇ ಮಗುವನ್ನು ಉಳಿಸಿತಲ್ಲ, ಅದಕ್ಕೇನು ಹೇಳಲಿ?

ಅವನು ಹೇಳಿದ ಮೇಲೆ ಸುಮ್ಮನಿರಲಾಗಲಿಲ್ಲ, ಐಲ್ಸಾಳ ರಕ್ತವನ್ನೂ ನನ್ನ ಮಣ್ಣನ್ನೂ ಪರೀಕ್ಷೆ ಮಾಡಿಸಿದೆ. ಎರಡೂ ಸರಿಯಾಗಿವೆ. ಎಡ್ವಿನ್‌ನ ರಕ್ತದಲ್ಲಿ ಸೀಸ ಇದೆ, ಆಗಾಗ ಬಂದು ತೋರಿಸಬೇಕು ಎಂದಿದ್ದಾರೆ ಡಾಕ್ಟರು. ಆ ಭಾನುವಾರವೇ ಅವನು ಕ್ಲಬ್ಬಿನಲ್ಲಿ ಎದ್ದು ನಿಂತು ಬಾಗಿಲುಗಳ ವಿಷಯವನ್ನೆಲ್ಲ ಹೇಳಿದ. ಯಾರೂ ನಗಲಿಲ್ಲ. ಉಳಿದ ಬಾಗಿಲುಗಳನ್ನು ಕೌನ್ಸಿಲ್ಲಿನವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಾರಿಯಲ್ಲಿ ಒಯ್ದರು. ಈಗ ಅವನು ಮರದ ಪೆಟ್ಟಿಗೆಗಳಲ್ಲಿ ಹೊರಗಿನ ಮಣ್ಣು ತುಂಬಿಸಿ ಬೀನ್ಸ್ ಬೆಳೆಯುತ್ತಾನೆ. ಲೀಕ್ ಸಹವಾಸ ಬೇಡ ಎಂದುಬಿಟ್ಟಿದ್ದಾನೆ.

ನವೆಂಬರಿನಲ್ಲಿ ನನ್ನ ಗೇಟಿನ ಬಳಿ ಮತ್ತೆ ಅದೇ ಬಕೆಟ್, ಮೇಲೆ ಅದೇ ಗೋಣಿ. ತೆಗೆದು ನೋಡಿದರೆ ಕುದುರೆ ಗೊಬ್ಬರ. ಎಡ್ವಿನ್ ಬೇಲಿಯಾಚೆ ನಿಂತಿದ್ದ.

“ಈ ಸಲವಾದ್ರೂ ಹಾಕ್ತೀಯಾ?”

ಅವನ ಕಣ್ಣೆದುರೇ ಕೊನೆಯ ಹಿಡಿಯವರೆಗೂ ಪಾತಿಗೆ ಹಾಕಿದೆ. ಆಮೇಲೆ ಬಕೆಟ್ ತೊಳೆದು ಕೊಟ್ಟೆ.